ರಾತ್ರಿ ಬರೆದದ್ದು ಯಾರ ಕೈಗೆ ಸೇರುತ್ತದೆ?

2020ರ ಅಕ್ಟೋಬರಿನಲ್ಲಿ ಫಿನ್ಲೆಂಡಿನ ಸಾವಿರಾರು ಜನರಿಗೆ ಒಂದೇ ಬಗೆಯ ಇಮೇಲ್ ಬಂತು. ಇಪ್ಪತ್ನಾಲ್ಕು ಗಂಟೆಯೊಳಗೆ 200 ಯೂರೋ ಬೆಲೆಯ ಬಿಟ್‌ಕಾಯಿನ್ ಕಳಿಸಬೇಕು, ತಡವಾದರೆ 500. ಅದನ್ನೂ ಕೊಡದಿದ್ದರೆ, ಚಿಕಿತ್ಸಕರ ಎದುರು ಕೂತು ಹೇಳಿಕೊಂಡದ್ದೆಲ್ಲ ಇಂಟರ್ನೆಟ್‌ಗೆ ಬರುತ್ತದೆ. ಕಳಿಸಿದವನ ಕೈಯಲ್ಲಿ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಸುಮಾರು 33,000 ಜನರ ದಾಖಲೆಗಳಿದ್ದವು. ಮೊದಲು ಸಂಸ್ಥೆಯನ್ನೇ 40 ಬಿಟ್‌ಕಾಯಿನ್ ಕೇಳಿದ್ದ. ಸಿಗದಿದ್ದಾಗ ಒಬ್ಬೊಬ್ಬ ರೋಗಿಯ ಬಾಗಿಲನ್ನೂ ತಟ್ಟಿದ. ದಾಂಪತ್ಯದ ಜಗಳ, ಬಾಲ್ಯದಲ್ಲಿ ಆದ ದೌರ್ಜನ್ಯ, ಸಾಯಬೇಕೆನ್ನಿಸಿದ ರಾತ್ರಿಗಳು, ಹೀಗೆ ಹೆತ್ತವರಿಗೂ ಹೇಳದ ಮಾತುಗಳು ಆ ಟಿಪ್ಪಣಿಗಳಲ್ಲಿದ್ದವು. ಮಕ್ಕಳ ದಾಖಲೆಗಳೂ ಇದ್ದವು.

ಕಳ್ಳ ಮಹಾಚತುರನೇನೂ ಆಗಬೇಕಿರಲಿಲ್ಲ. ಮಾಹಿತಿ ಇಟ್ಟಿದ್ದ ಸರ್ವರ್‌ಗೆ ಹೊರಗಿನಿಂದ ನೇರ ದಾರಿಯಿತ್ತು, ಅದರ ಮುಖ್ಯ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಮರುವರ್ಷ ಸಂಸ್ಥೆ ದಿವಾಳಿಯಾಯಿತು. 2024ರ ಏಪ್ರಿಲಿನಲ್ಲಿ ಅಪರಾಧಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಹೊರಬಿದ್ದ ಮಾತುಗಳನ್ನು ಮಾತ್ರ ಯಾವ ನ್ಯಾಯಾಲಯವೂ ಒಳಗೆ ಹಾಕಲಾರದು. ಬ್ಯಾಂಕಿನ ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬಾಲ್ಯವನ್ನು ಬದಲಿಸಲಾಗದು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಅಂಥ ದಾಖಲೆಗಳನ್ನು ಈಗ ನಾವೇ ನಮ್ಮ ಹೆಬ್ಬೆರಳಿನಿಂದ ಮಾನಸಿಕ ಆರೋಗ್ಯದ ಆ್ಯಪ್‌ಗಳಿಗೆ ಬರೆದುಕೊಡುತ್ತಿದ್ದೇವೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಚಿಕಿತ್ಸೆ ಸಿಗದವರ ಪಾಲು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಇಷ್ಟು ದೊಡ್ಡ ಕಂದರದ ಮೇಲೆ ಆ್ಯಪ್ ಎಂಬ ಸೇತುವೆ ಕಟ್ಟಲು ಹೊರಟವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಸೇತುವೆಯ ಹಲಗೆಗಳನ್ನು ಪರೀಕ್ಷಿಸದೆ ಜನರನ್ನು ಹತ್ತಿಸುತ್ತಿರುವುದೇ ಭಯ ಹುಟ್ಟಿಸುವ ಸಂಗತಿ.

ಕಳ್ಳರೇ ಬರಬೇಕೆಂದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆನ್‌ಲೈನ್ ಆಪ್ತಸಮಾಲೋಚನೆ ಕಂಪನಿ ಬೆಟರ್‌ಹೆಲ್ಪ್ ಮೇಲೆ ಕ್ರಮ ಕೈಗೊಂಡಿತು. ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟು, ಬಳಕೆದಾರರ ಇಮೇಲ್ ವಿಳಾಸಗಳನ್ನೂ ಅವರು ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಮಾಹಿತಿಯನ್ನೂ ಜಾಹೀರಾತಿಗಾಗಿ ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಟ್ಟಿತ್ತು ಎಂಬುದು ಆರೋಪ. ಕಂಪನಿ ತಪ್ಪೊಪ್ಪಿಕೊಳ್ಳದೆ 78 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಇಂಥದ್ದು ನಡೆಯುವ ರೀತಿ ತೀರಾ ಸರಳ. ಆ್ಯಪ್ ಅಥವಾ ಜಾಲತಾಣ ಕಟ್ಟುವಾಗ ಜಾಹೀರಾತು ಕಂಪನಿಯ ನಾಲ್ಕು ಸಾಲಿನ ಕೋಡ್ ಸೇರಿಸುತ್ತಾರೆ. ನೀವು ಯಾವ ಪುಟ ತೆರೆದಿರಿ, ಯಾವ ಗುಂಡಿ ಒತ್ತಿದಿರಿ ಎಂಬ ಸುದ್ದಿಯನ್ನು ಅದು ಆ ಕ್ಷಣವೇ ರವಾನಿಸುತ್ತದೆ. ಪರದೆಯ ಮೇಲೆ ತಾವರೆ ಅರಳುತ್ತಿರುತ್ತದೆ, ಕೊಳಲು ಕೇಳುತ್ತಿರುತ್ತದೆ.

ನಮ್ಮ ಕಾನೂನು ಇಲ್ಲಿ ಬಿಗಿಯಾಗಿರಬೇಕಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಆರೋಗ್ಯದ ಮಾಹಿತಿಗೆಂದು ಪ್ರತ್ಯೇಕ ಸೂಕ್ಷ್ಮ ವರ್ಗವೇ ಇಲ್ಲ. ಪಿಜ್ಜಾ ತರಿಸಿದ ವಿಳಾಸವೂ ಖಿನ್ನತೆಯ ದಿನಚರಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇನ್ನೊಂದು ಅಪಾಯ ನಮ್ಮ ಭಾಷೆಯದು. 2018ರ ಡಿಸೆಂಬರಿನಲ್ಲಿ ಬಿಬಿಸಿ ಮಾನಸಿಕ ಆರೋಗ್ಯದ ಎರಡು ಹೆಸರಾಂತ ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿತು: ವೋಬಾಟ್ ಮತ್ತು ನಮ್ಮ ಬೆಂಗಳೂರಿನ ನಂಟಿರುವ ವೈಸಾ. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಗುವಿನಂತೆ ವರದಿಗಾರರು ಬರೆದರು. ತಕ್ಷಣ ಸಹಾಯ ಪಡೆ ಎಂದು ಎರಡೂ ಹೇಳಲಿಲ್ಲ. ಬರೆದದ್ದು ನೇರವಾದ ಇಂಗ್ಲಿಷ್‌ನಲ್ಲಿ! ನಾವು ಕಷ್ಟವನ್ನು ಹಾಗೆ ನೇರವಾಗಿ ಹೇಳುವವರೇ ಅಲ್ಲ. "ಎದೆ ಭಾರ", "ತಲೆ ಓಡ್ತಿಲ್ಲ", "ಎಲ್ಲಾ ಸಾಕಾಗಿದೆ" ಅನ್ನುತ್ತೇವೆ. ಕೊನೆಯ ಮಾತು ಆಫೀಸಿನ ಸುಸ್ತೂ ಇರಬಹುದು, ಬದುಕಿಗೇ ವಿದಾಯವೂ ಇರಬಹುದು. ಹುಬ್ಬಳ್ಳಿಯವರು ಹೇಳುವ ಬಗೆ ಬೇರೆ, ಮಂಗಳೂರಿನವರದು ಬೇರೆ. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ತಮಗೆ ತೋಚಿದಂತೆ ಟೈಪಿಸುವವರೂ ಇದ್ದಾರೆ. ಇಂಗ್ಲಿಷ್ ಪದಪಟ್ಟಿಯನ್ನು ಅನುವಾದಿಸಿ "ಕನ್ನಡದಲ್ಲೂ ಲಭ್ಯ" ಎಂದು ಹಲಗೆ ತೂಗುಹಾಕಿದರೆ ಆ ದನಿ ಯಂತ್ರಕ್ಕೆ ಕೇಳಿಸುವುದಿಲ್ಲ.

ಮನೆಗೊಂದೇ ಫೋನ್ ಇರುವ ಕಡೆ ಇನ್ನೂ ಸಣ್ಣ ಸಂಗತಿಯೂ ದೊಡ್ಡದಾಗುತ್ತದೆ. ಸೊಸೆ ಮಧ್ಯಾಹ್ನ ಗುಟ್ಟಾಗಿ ತೆರೆದ ಆ್ಯಪ್ ರಾತ್ರಿ ಎಂಟಕ್ಕೆ, ಫೋನ್ ಅತ್ತೆಯ ಕೈಯಲ್ಲಿರುವಾಗ, "ಇವತ್ತು ಅಳು ಬಂತಾ?" ಎಂದು ಬೀಗ ಹಾಕಿದ ಪರದೆಯ ಮೇಲೇ ಕೇಳಿದರೆ? ಆ ಒಂದು ನೋಟಿಫಿಕೇಶನ್ ಮುಚ್ಚಿಡುವುದು ವಿನ್ಯಾಸಕಾರನಿಗೆ ಅರ್ಧ ದಿನದ ಕೆಲಸ.

ಖಿನ್ನತೆಯನ್ನು ಅಳೆಯಲು ಹಲವು ಆ್ಯಪ್‌ಗಳು ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸುತ್ತವೆ. ಅದರ ಒಂಬತ್ತನೆಯ ಪ್ರಶ್ನೆ ಕಳೆದ ಎರಡು ವಾರಗಳಲ್ಲಿ ಸಾವಿನ ಯೋಚನೆ ಎಷ್ಟು ದಿನ ಬಂತೆಂದು ಕೇಳುತ್ತದೆ. "ಹೆಚ್ಚುಕಡಿಮೆ ಪ್ರತಿದಿನ" ಎಂದು ಒತ್ತಿದವರಿಗೆ ಮುಂದಿನ ಪುಟದಲ್ಲಿ ಕಾಣಬೇಕಾದದ್ದು ಒಂದು ಅಂಕಿ, ಒಂದು ಧನ್ಯವಾದ ಅಲ್ಲ. ಆ ಪುಟವನ್ನು ಉಳಿದೆಲ್ಲ ಪುಟಗಳಿಗಿಂತ ಮೊದಲು, ಮನೋವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕು. ಅದರಲ್ಲಿ ದೊಡ್ಡ ಅಕ್ಷರದಲ್ಲಿ 14416 ಇರಬೇಕು. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ: ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೂ ಮಾತನಾಡುವ ಮನುಷ್ಯರು. ಒಂದೇ ಸಲ ಒತ್ತಿದರೆ ಕರೆ ಹೋಗಬೇಕು, ಡೇಟಾ ಪ್ಯಾಕ್ ಮುಗಿದಿದ್ದರೂ.