ಸಸಿ ತರುವ ಮೊದಲು ಮನೆಯ ತಲೆ ಎಣಿಸಿ

ಸುಳ್ಯ ಪಟ್ಟಣ ಪಂಚಾಯತ್ ಸಣ್ಣದು. 2011ರ ಜನಗಣತಿಯಲ್ಲಿ ಜನಸಂಖ್ಯೆ 20 ಸಾವಿರದ ಆಸುಪಾಸು. ಮಾಣಿ–ಮೈಸೂರು ಹೆದ್ದಾರಿ ಬದಿಯ ಪೇಟೆ ದಾಟಿದರೆ ತೋಟ ಶುರು. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಕೆಳಗೆ ಅದರ ಅಡಿಕೆ ತೋಟ, ಆಚೆ ಗುಡ್ಡದಲ್ಲಿ ಇನ್ನೊಂದು ಮನೆ.

ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಇಬ್ಬರು ಹಿರಿಯರು ಮಾತ್ರ. ಮರ ಹತ್ತುವವರು ಸಿಗುವುದೇ ಕಷ್ಟ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಬೇರೆ. ಅದನ್ನು ಗುಣಪಡಿಸುವ ಮದ್ದಿಲ್ಲ.

ಹಾಗಾಗಿ ಹೊಸ ಸಸಿ ತರುವ ಮೊದಲು ಎರಡು ಲೆಕ್ಕ ಹಾಕಿ.

ಒಂದು, ನೀರು. ಕೊಡಗಿನ ಘಟ್ಟದಿಂದ ಇಳಿಯುವ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಆಗ್ತದೆ. ಮಳೆಗಾಲದಲ್ಲಿ ತುಂಬಿದ ಹೊಳೆ ನೋಡಿ ಮೋಸ ಹೋಗಬೇಡಿ. ಏಪ್ರಿಲ್‌ನಲ್ಲಿ ನಿಮ್ಮ ತೋಡು, ಬಾವಿಯಲ್ಲಿ ಎಷ್ಟಿರ್ತದೆ ಅಂತ ನೋಡಿ.

ಎರಡು, ಜನ. ಹತ್ತು ವರ್ಷದ ನಂತರ ತೋಟಕ್ಕೆ ಇಳಿಯುವವರು ಯಾರು? ಕೈ ಕಮ್ಮಿ ಇದ್ದರೆ ಅಡಿಕೆಯನ್ನೇ ನಂಬಬೇಡಿ. ನೆಲದಲ್ಲೇ ನಿಂತು ಕೊಯ್ಯಬಹುದಾದ ಕೊಕ್ಕೊವನ್ನು ನಡುವೆ ನೆಡಿ. ಗೊನೆ ತೆಗೆಯಲು, ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿಯನ್ನು ನೆರೆಯ ನಾಲ್ಕು ಮನೆಯವರು ಸೇರಿ ತೆಗೊಳ್ಳಿ.

ಊರಿನ ಜನಸಂಖ್ಯೆ ಸರಕಾರ ಎಣಿಸ್ತದೆ. ತೋಟದ್ದು ನಾವೇ ಎಣಿಸಬೇಕು.