ಪಾಲುಗಾರನ ಮೌನ

ಒಬ್ಬನ ಕೈಯಲ್ಲಿ ಹಣ, ಇನ್ನೊಬ್ಬನ ಕೈಯಲ್ಲಿ ಕೆಲಸದ ಮರ್ಮ. ಇಬ್ಬರೂ ಕೂಡಿದರೆ ಬರಿಯ ನಿವೇಶನದಲ್ಲಿ ಮಳಿಗೆಗಳ ಸಾಲು ಏಳುತ್ತದೆ. ಇಂಥ ಪಾಲುಗಾರಿಕೆಗಳನ್ನು ನಿಮ್ಮ ಊರಿನಲ್ಲಿಯೇ ನೀವು ಕಂಡಿರುತ್ತೀರಿ. ಗೋಡೆ ಏಳುವತನಕ ಇಬ್ಬರೂ ಅಣ್ಣತಮ್ಮಂದಿರಂತೆ ಇರುತ್ತಾರೆ. ಆ ಗೋಡೆಗೆ ಬೆಲೆ ಬಂದ ಮೇಲೆ ಬೇರೆ ಬೇರೆ ವಕೀಲರ ಮನೆಯ ಮೆಟ್ಟಿಲು ಹತ್ತುತ್ತಾರೆ. ಜಗಳವೆಂದೊಡನೆ ಲೆಕ್ಕದಲ್ಲಿ ಯಾರೋ ಹಣ ಕದ್ದಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಒಂದು ಕಾಸನ್ನೂ ಕದಿಯದೆ, ಬರೆದ ಕರಾರಿನ ಒಂದು ಮಾತನ್ನೂ ಮೀರದೆ, ಕೇವಲ ಬಾಯಿ ಬಿಡದೆ ಇದ್ದುದಕ್ಕಾಗಿ ಪಾಲುಗಾರನೊಬ್ಬ ನ್ಯಾಯಾಲಯದಲ್ಲಿ ಸೋಲಬಹುದೆ?

ಈ ಪ್ರಶ್ನೆಗೆ ಉತ್ತರವಾಗಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವ ಒಂದು ವ್ಯಾಜ್ಯವುಂಟು. ಅದು ನಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ವಾದಿ ಮಾರ್ಟನ್ ಮೈನ್‌ಹಾರ್ಡ್, ಉಣ್ಣೆಬಟ್ಟೆಯ ವರ್ತಕ. ಪ್ರತಿವಾದಿ ವಾಲ್ಟರ್ ಸಾಮನ್, ಕಟ್ಟಡಗಳ ವ್ಯವಹಾರದಲ್ಲಿ ಪಳಗಿದವನು. ವ್ಯಾಜ್ಯದ ವಸ್ತು, ಆ ನಗರದ ಐದನೆಯ ಅವೆನ್ಯೂ ಮತ್ತು 42ನೆಯ ಬೀದಿ ಕೂಡುವ ಮೂಲೆಯ ಒಂದು ಸ್ಥಳ.

ಅಲ್ಲಿ ಬ್ರಿಸ್ಟಲ್ ಎಂಬ ಹೊಟೆಲು ಇತ್ತು. 1902ರ ಏಪ್ರಿಲ್ ತಿಂಗಳಿನಲ್ಲಿ ಸಾಮನ್ ಅದನ್ನು ಲೂಯಿಸಾ ಗೆರಿ ಎಂಬಾಕೆಯಿಂದ 20 ವರ್ಷಗಳ ಗುತ್ತಿಗೆಗೆ ಪಡೆದನು. ಹೊಟೆಲನ್ನು ಅಂಗಡಿಗಳೂ ಕಚೇರಿಗಳೂ ಆಗಿ ಮಾರ್ಪಡಿಸಲು 2 ಲಕ್ಷ ಡಾಲರ್ ವೆಚ್ಚ ಮಾಡಬೇಕೆಂಬುದು ಷರತ್ತು. ಅಷ್ಟು ಹಣ ಒಬ್ಬನಿಂದ ಆಗದು. ಆದುದರಿಂದ ಅವನು ಮೈನ್‌ಹಾರ್ಡನನ್ನು ಜೊತೆಗೆ ಸೇರಿಸಿಕೊಂಡನು. ವೆಚ್ಚದ ಅರ್ಧ ಮೈನ್‌ಹಾರ್ಡನದು. ನಿವ್ವಳ ಲಾಭದಲ್ಲಿ ಅವನಿಗೆ ಮೊದಲ 5 ವರ್ಷ ನೂರಕ್ಕೆ 40, ಅನಂತರ ನೂರಕ್ಕೆ 50. ನಷ್ಟವಾದರೆ ಇಬ್ಬರಿಗೂ ಸಮಪಾಲು. ಆಡಳಿತವೆಲ್ಲ ಸಾಮನ್ನನ ಕೈಯಲ್ಲಿ. ಇಷ್ಟನ್ನೂ ಅವರು ಬರೆದುಕೊಂಡಿದ್ದರು. ಆದರೆ ಗುತ್ತಿಗೆ ಪತ್ರದಲ್ಲಿ ಇದ್ದುದು ಸಾಮನ್ನನ ಹೆಸರೊಂದೇ. ಹೊರಗಿನಿಂದ ನೋಡಿದವರಿಗೆ ಗುತ್ತಿಗೆದಾರ ಅವನೊಬ್ಬನೇ.

ಇಪ್ಪತ್ತು ವರ್ಷ ಏಳುಬೀಳುಗಳೊಡನೆ ವ್ಯವಹಾರ ಸಾಗಿತು. ಅಷ್ಟರಲ್ಲಿ ಆ ಮೂಲೆಯ ಸುತ್ತಲೂ ನಗರವೇ ಬದಲಾಗಿತ್ತು. ಬೀದಿಯ ಆಚೆ ಬದಿಯಲ್ಲಿ 1911ರಲ್ಲಿ ದೊಡ್ಡ ಸಾರ್ವಜನಿಕ ಪುಸ್ತಕ ಭಂಡಾರ ತೆರೆಯಿತು. ಅದೇ 42ನೆಯ ಬೀದಿಯಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ, 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ನಿಲ್ದಾಣ ತೆರೆಯಿತು. ಇಂಥ ಜಾಗದಲ್ಲಿ ಹಳೆಯ ಹೊಟೆಲಿನ ಗೋಡೆಗಳನ್ನು ಇಟ್ಟುಕೊಳ್ಳುವುದು ಚಿನ್ನದ ತಟ್ಟೆಯಲ್ಲಿ ಗಂಜಿ ಉಂಡಂತೆ.

ಗುತ್ತಿಗೆ ಮುಗಿಯಬೇಕಾದುದು 1922ರ ಏಪ್ರಿಲ್ 30ರಂದು. ಆ ವೇಳೆಗೆ ಸ್ಥಳದ ಒಡೆತನ ಎಲ್‌ಬ್ರಿಜ್ ಗೆರಿ ಎಂಬವನಿಗೆ ಬಂದಿತ್ತು. ಪಕ್ಕದ ನಿವೇಶನಗಳೂ ಅವನವೇ. ಎಲ್ಲವನ್ನೂ ಒಟ್ಟುಗೂಡಿಸಿ, ಹಳೆಯದನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸಬಲ್ಲ ಗುತ್ತಿಗೆದಾರನನ್ನು ಅವನು ಹುಡುಕುತ್ತಿದ್ದನು. ಹಲವರೊಡನೆ ಮಾತು ನಡೆದು ಮುರಿದು, 1922ರ ಜನವರಿಯಲ್ಲಿ ಅವನು ಸಾಮನ್ನನ ಬಳಿಗೆ ಬಂದನು. ಮೈನ್‌ಹಾರ್ಡ್ ಎಂಬ ಪಾಲುಗಾರನಿದ್ದಾನೆಂಬುದು ಅವನಿಗೆ ತಿಳಿಯದು. ಜನವರಿ 25ರಂದು ಹೊಸ ಪತ್ರಕ್ಕೆ ಸಹಿ ಬಿದ್ದಿತು. ಗುತ್ತಿಗೆ ಪಡೆದದ್ದು ಸಾಮನ್ನನ ಸ್ವಂತ ಹಿಡಿತದಲ್ಲಿದ್ದ ಮಿಡ್‌ಪಾಯಿಂಟ್ ಎಂಬ ಕಂಪೆನಿ. ಅವಧಿ 20 ವರ್ಷ. ಮುಂದುವರಿಸುತ್ತ ಹೋದರೆ 80 ವರ್ಷಗಳವರೆಗೆ. ಹಳೆಯ ಬಾಡಿಗೆ 55 ಸಾವಿರ ಡಾಲರ್ ಇದ್ದುದು, ಒಟ್ಟು ಸ್ಥಳಕ್ಕೆ ಮೂರೂವರೆ ಲಕ್ಷದಿಂದ 4 ಲಕ್ಷ 75 ಸಾವಿರದವರೆಗೆ ಏರಿತು. 7 ವರ್ಷಗಳಾದ ಮೇಲೆ ಹಳೆಯ ಕಟ್ಟಡಗಳನ್ನು ಕೆಡವಿ 30 ಲಕ್ಷ ಡಾಲರುಗಳ ಹೊಸ ಕಟ್ಟಡ ಕಟ್ಟಬೇಕು. ಅದು ಮುಗಿದು ಹಣ ತೀರುವತನಕ ಸಾಮನ್ನನೇ ಜಾಮೀನು.

ಈ ವಿಷಯವನ್ನು ಅವನು ಮೈನ್‌ಹಾರ್ಡನಿಗೆ ತಿಳಿಸಲಿಲ್ಲ. ಫೆಬ್ರವರಿಯಲ್ಲಿ ಹೇಗೋ ತಿಳಿದು, ಹೊಸ ಗುತ್ತಿಗೆಯಲ್ಲಿ ತನಗೂ ಪಾಲು ಬೇಕೆಂದು ಮೈನ್‌ಹಾರ್ಡ್ ಕೇಳಿದನು. ಸಾಮನ್ ಒಪ್ಪಲಿಲ್ಲ. ದಾವೆ ಹೂಡಲಾಯಿತು.

ವಾಚಕರೇ, ಇಲ್ಲಿ ಒಂದು ಕ್ಷಣ ನಿಂತು, ನೀವೇ ನ್ಯಾಯಪೀಠದಲ್ಲಿ ಕುಳಿತಿದ್ದೀರೆಂದು ಭಾವಿಸಿಕೊಳ್ಳಿ. ಸಾಮನ್ನನ ಪರವಾದ ವಾದವೇನೂ ಹಗುರವಾದುದಲ್ಲ. ಪಾಲುಗಾರಿಕೆ ಒಂದೇ ಕಟ್ಟಡಕ್ಕೆ, ಇಪ್ಪತ್ತೇ ವರ್ಷಕ್ಕೆ ಎಂದು ಇಬ್ಬರೂ ಬರೆದುಕೊಂಡಿದ್ದರು. ಗುತ್ತಿಗೆಯನ್ನು ಮುಂದುವರಿಸುವ ಮಾತು ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಹೊಸ ಗುತ್ತಿಗೆ ಹಳೆಯದರ ಮುಂದುವರಿಕೆಯೂ ಅಲ್ಲ. ಸ್ಥಳ ದೊಡ್ಡದು, ಉದ್ದೇಶ ಬೇರೆ, ಹೊಣೆ ಹಲವು ಪಟ್ಟು ಹೆಚ್ಚು. ಹಾಗಿದ್ದಮೇಲೆ ಹಳೆಯ ಪಾಲುಗಾರನ ಹಕ್ಕು ಎಲ್ಲಿಂದ ಬಂತು? ಈ ವಾದವನ್ನು ನ್ಯಾಯಮೂರ್ತಿ ಆಂಡ್ರ್ಯೂಸ್ ಒಪ್ಪಿದರು. ಇನ್ನಿಬ್ಬರು ನ್ಯಾಯಮೂರ್ತಿಗಳು ಅವರ ಜೊತೆ ನಿಂತರು.

ಆದರೆ ಏಳು ಮಂದಿಯ ಪೀಠದಲ್ಲಿ ನಾಲ್ವರ ಮತ ಬೇರೆಯಾಗಿತ್ತು. ನ್ಯೂಯಾರ್ಕ್ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯದ ಮುಖ್ಯಸ್ಥರಾಗಿದ್ದ ಬೆಂಜಮಿನ್ ಕಾರ್ಡೋಜೋ ಅವರು 1928ರ ಡಿಸೆಂಬರ್ 31ರಂದು ಆ ಬಹುಮತದ ತೀರ್ಪನ್ನು ಕೊಟ್ಟರು. ಸಾಮನ್ ಬೇಕೆಂದು ಮೋಸ ಮಾಡಿದನೆಂದು ಅವರು ಹೇಳಲಿಲ್ಲ. ಗುತ್ತಿಗೆಯ ಕೊನೆ ಹತ್ತಿರವಾದುದರಿಂದ ತಾನು ಸ್ವತಂತ್ರನೆಂದು ಅವನು ಪ್ರಾಮಾಣಿಕವಾಗಿಯೇ ಭಾವಿಸಿದ್ದಿರಬಹುದು. ಆದರೆ ಗೆರಿ ಅವನ ಬಳಿಗೆ ಬಂದದ್ದು ಏಕೆ? ಆ ಸ್ಥಳದ ಆಡಳಿತ ನಡೆಸುತ್ತಿದ್ದವನು ಅವನೆಂಬ ಕಾರಣಕ್ಕೆ. ಆ ಸ್ಥಾನ ಅವನಿಗೆ ದೊರೆತದ್ದು ಇಬ್ಬರ ಹಣದಿಂದ ನಡೆದ ಉದ್ಯಮದಿಂದ. ಆದುದರಿಂದ ಪಾಲುಗಾರಿಕೆ ಇನ್ನೂ ಜೀವಂತವಾಗಿದ್ದಾಗ ಬಂದ ಆ ಅವಕಾಶದ ಸುದ್ದಿ ಇಬ್ಬರಿಗೂ ಸೇರಿದ್ದು. ಸಂತೆಯಲ್ಲಿ ಅಪರಿಚಿತರ ನಡುವೆ ಸಲ್ಲುವ ನಡತೆ ಪಾಲುಗಾರರ ನಡುವೆ ಸಾಲದು. ಅಲ್ಲಿ ಅದಕ್ಕಿಂತ ಸೂಕ್ಷ್ಮವಾದ ಮರ್ಯಾದೆ ಬೇಕು. ಇದೇ ಅವರ ತೀರ್ಪಿನ ಸಾರ.

ಅವನು ಮಾಡಬೇಕಾಗಿದ್ದುದು ಎಷ್ಟು ಅಲ್ಪ ನೋಡಿ! ಹೀಗೊಂದು ಪ್ರಸ್ತಾಪ ಬಂದಿದೆ ಎಂದು ಒಂದು ಮಾತು ತಿಳಿಸಿದ್ದರೆ, ಮೈನ್‌ಹಾರ್ಡ್ ತಾನೂ ಗೆರಿಯ ಬಳಿ ಹೋಗಿ ಪೈಪೋಟಿ ಮಾಡಬಹುದಿತ್ತು. ಆ ಬಾಗಿಲನ್ನು ಮುಚ್ಚಿದ್ದು ಮೌನ. ಮಾತೆಂಬುದು ಬರಿಯ ಸೌಜನ್ಯವಲ್ಲ, ಪಾಲುಗಾರನ ಕರ್ತವ್ಯ ಎಂಬುದೇ ಈ ವ್ಯಾಜ್ಯದ ಪಾಠ.

ಪಾಲು ಎಷ್ಟೆಂಬುದೂ ಸುಲಭವಾಗಿ ತೀರ್ಮಾನವಾಗಲಿಲ್ಲ. ಮೊದಲು ವಿಚಾರಣೆ ನಡೆಸಿದ ಅಧಿಕಾರಿ ನೂರಕ್ಕೆ 25 ಎಂದನು. ಮೇಲಿನ ನ್ಯಾಯಾಲಯ ಅರ್ಧಕ್ಕೆ ಏರಿಸಿತು. ಲಾಭದ ಪಾಲಿನೊಡನೆ ಹೊಣೆಯ ಪಾಲೂ ಏರಿತು. ಕಾರ್ಡೋಜೋ ಅವರು ಕಂಪೆನಿಯ ಷೇರುಗಳನ್ನು ಅರ್ಧರ್ಧವಾಗಿ ಹಂಚಿ, ಸಾಮನ್ನನ ಅರ್ಧಕ್ಕೆ ಒಂದೇ ಒಂದು ಷೇರನ್ನು ಹೆಚ್ಚಾಗಿ ಸೇರಿಸಿದರು. ಆಡಳಿತ ಮೊದಲಿನಿಂದಲೂ ಅವನ ಕೈಯಲ್ಲಿದ್ದುದರಿಂದ ಅದು ಅಲ್ಲಿಯೇ ಉಳಿಯಲೆಂದು ಈ ಏರ್ಪಾಟು. ಮರುವರ್ಷವೇ ಷೇರುಪೇಟೆ ಕುಸಿಯಿತು. ಆ ಮುಗ್ಗಟ್ಟಿನ ನಡುವೆ, 1931ರಲ್ಲಿ, ಆ ಮೂಲೆಯಲ್ಲಿ ಸುಮಾರು 60 ಅಂತಸ್ತುಗಳ ಕಟ್ಟಡ ಮುಗಿಯಿತು. ಅದು ಇಂದಿಗೂ ನಿಂತಿದೆ.

ಇಷ್ಟು ದೂರದ ಕಥೆ ನಮಗೇಕೆ ಎನ್ನುವಿರಾ? ಇದೇ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರೂ ಎದುರಿಸಿದ್ದರು. ಹಲವರು ಕೂಡಿ ನಡೆಸುವ ಉದ್ಯಮದ ವ್ಯಾಜ್ಯಗಳಿಗೆ ಅವರು ಇಟ್ಟ ಹೆಸರು ‘ಸಂಭೂಯ ಸಮುತ್ಥಾನ’. ‘ಸಂಭೂಯ’ ಎಂದರೆ ಒಂದಾಗಿ ಕೂಡಿ. ‘ಸಮುತ್ಥಾನ’ವೆಂದರೆ ಮೇಲೇಳುವುದು, ಕಾರ್ಯಕ್ಕೆ ತೊಡಗುವುದು. ಕುಟಿಲನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಉಳಿದವರ ಒಪ್ಪಿಗೆಯಿಲ್ಲದೆ ಮಾಡಿ ಕೆಡಿಸಿದ್ದನ್ನು ಕೆಡಿಸಿದವನೇ ತುಂಬಿಕೊಡಬೇಕು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತರಲ್ಲಿ ಒಂದು ಪಾಲು ಸಲ್ಲಬೇಕು. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಪಾಲುಗಾರರ ನಡುವೆ ಕುಟಿಲತೆ ಸಲ್ಲದೆಂಬ ನೀತಿ ನಮ್ಮ ನೆಲಕ್ಕೆ ಹೊಸದಲ್ಲ.

ಇಂದಿನ ನಮ್ಮ ಕಾನೂನೂ ಇದೇ ಜಾಡಿನಲ್ಲಿದೆ. 1932ರ ಭಾರತೀಯ ಪಾಲುಗಾರಿಕೆ ಅಧಿನಿಯಮದ 9ನೆಯ ಕಲಮಿನಂತೆ ಪಾಲುಗಾರರು ಪರಸ್ಪರ ನ್ಯಾಯವಾಗಿ, ನಿಷ್ಠೆಯಿಂದ ನಡೆದುಕೊಳ್ಳಬೇಕು. ಸರಿಯಾದ ಲೆಕ್ಕವನ್ನೂ ಸಂಸ್ಥೆಗೆ ಸಂಬಂಧಿಸಿದ ಪೂರ್ಣ ಮಾಹಿತಿಯನ್ನೂ ಕೊಡಬೇಕು. ಬೇರೆ ಕರಾರು ಇಲ್ಲದಿದ್ದರೆ, ಸಂಸ್ಥೆಯ ಸ್ವತ್ತು, ಹೆಸರು ಅಥವಾ ವ್ಯವಹಾರ ಸಂಬಂಧದಿಂದ ಒಬ್ಬನು ಗಳಿಸಿದ ಲಾಭವನ್ನು ಸಂಸ್ಥೆಗೆ ಒಪ್ಪಿಸಬೇಕೆಂದು 16ನೆಯ ಕಲಮು ಹೇಳುತ್ತದೆ. ಇನ್ನೂ ಹಿಂದಿನ 1882ರ ಟ್ರಸ್ಟ್ ಅಧಿನಿಯಮದ 88ನೆಯ ಕಲಮಿನಲ್ಲಿ ಒಂದು ಉದಾಹರಣೆಯೇ ಇದೆ: ಎಲ್ಲರ ಪರವಾಗಿ ಗುತ್ತಿಗೆಯ ಮಾತುಕತೆ ನಡೆಸುವ ಪಾಲುಗಾರ ಗುಟ್ಟಾಗಿ ತನಗೆಂದು 1 ಲಕ್ಷ ರೂಪಾಯಿ ಗೊತ್ತುಮಾಡಿಕೊಂಡರೆ, ಆ ಹಣ ಪಾಲುಗಾರಿಕೆಗೇ ಸೇರತಕ್ಕದ್ದು.

ಹಾಗೆಂದು ಜಾಗಕ್ಕೆ ಸಂಬಂಧಿಸಿದ ಪ್ರತಿಯೊಂದು ಕೂಟವೂ ಪಾಲುಗಾರಿಕೆಯಲ್ಲ. ನಿವೇಶನದ ಒಡೆಯ ಜಾಗ ಕೊಟ್ಟು, ಕಟ್ಟುವವನಿಂದ ಕೆಲವು ಮನೆಗಳನ್ನು ಪಡೆಯುವ ಪದ್ಧತಿ ಈಗ ಊರೂರಿನಲ್ಲಿಯೂ ಇದೆ. ಅಂಥ ಒಂದು ಪ್ರಕರಣದಲ್ಲಿ, ಪತ್ರದ ಮೇಲೆ ಯಾವ ಹೆಸರಿದ್ದರೂ ಆಡಳಿತದಲ್ಲಿಯೂ ಲಾಭನಷ್ಟದಲ್ಲಿಯೂ ಪಾಲಿಲ್ಲದ ಒಡೆಯ ಪಾಲುಗಾರನಲ್ಲ, ಸೇವೆ ಪಡೆಯುವ ಗ್ರಾಹಕ ಎಂದು 2008ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದುದರಿಂದ ಸಹಿ ಹಾಕುವ ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಎಂಬುದನ್ನು ವಕೀಲರಿಂದ ತಿಳಿದುಕೊಳ್ಳಿ.

ಪಾಲುಗಾರಿಕೆಯೇ ಆದರೆ ಮೂರು ಮಾತು ನೆನಪಿನಲ್ಲಿರಲಿ. ಮೊದಲನೆಯದು, ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿಯಿಲ್ಲದ ಸಂಸ್ಥೆಯ ಪಾಲುಗಾರನು ಕರಾರಿನ ಹಕ್ಕಿಗಾಗಿ ತನ್ನ ಜೊತೆಗಾರನ ಮೇಲೆ ದಾವೆ ಹೂಡಲು 69ನೆಯ ಕಲಮು ಅಡ್ಡಬರುತ್ತದೆ. ಸಂಸ್ಥೆಯ ವಿಸರ್ಜನೆಗೂ, ವಿಸರ್ಜನೆಯಾದ ಸಂಸ್ಥೆಯ ಲೆಕ್ಕಕ್ಕೂ ಮಾತ್ರ ದಾರಿ ತೆರೆದಿರುತ್ತದೆ. ಎರಡನೆಯದು, ಆರಂಭವನ್ನಷ್ಟೇ ಅಲ್ಲ, ಮುಕ್ತಾಯವನ್ನೂ ಬರೆಯಿರಿ: ಅವಧಿ ತೀರಿದಾಗ ಸ್ವತ್ತು ಯಾರಿಗೆ, ಪಕ್ಕದ ಜಾಗ ದೊರೆತರೆ ಯಾರ ಹಕ್ಕು ಎಂಬುದು ಕಾಗದದ ಮೇಲಿರಲಿ. ಹಾಗೆ ಬರೆದಿದ್ದರೆ ನ್ಯೂಯಾರ್ಕಿನ ಏಳು ನ್ಯಾಯಮೂರ್ತಿಗಳು ನಾಲ್ಕು ಮೂರಾಗಿ ಒಡೆಯುತ್ತಿರಲಿಲ್ಲ. ಮೂರನೆಯದು, ಹಣ ಕೊಟ್ಟು ಸುಮ್ಮನೆ ಕುಳಿತವರು ಆಗಾಗ ಕೇಳಬೇಕು. ಆಡಳಿತ ನಡೆಸುವವರು ಕೇಳುವ ಮೊದಲೇ ಹೇಳಬೇಕು.

ಇಷ್ಟಾದರೂ ಎಲ್ಲವನ್ನೂ ಬರೆದಿಡುವ ಕರಾರು ಲೋಕದಲ್ಲಿಲ್ಲ. ಎಲ್ಲಿ ಬರಹ ನಿಲ್ಲುತ್ತದೆಯೋ ಅಲ್ಲಿ ನಂಬಿಕೆ ನಡೆಯಬೇಕು. ನಿಮ್ಮ ಬಾಗಿಲಿಗೆ ಒಳ್ಳೆಯ ಅವಕಾಶವೊಂದು ಬಂದಾಗ, ಅದು ಬಂದದ್ದು ನಿಮ್ಮೊಬ್ಬರನ್ನೇ ಹುಡುಕಿಕೊಂಡೋ, ಇಬ್ಬರೂ ಕೂಡಿ ಕಟ್ಟಿದ ಬಾಗಿಲನ್ನು ನೋಡಿಯೋ ಎಂದು ಕೇಳಿಕೊಳ್ಳಿ. ಎರಡನೆಯದಾದರೆ, ಸಹಿ ಹಾಕುವ ಮೊದಲು ಜೊತೆಗಾರನಿಗೆ ಹೇಳಿಕಳುಹಿಸಿ.