ಕಂಬದ ಮೇಲೆ ತೊಂಬತ್ತು ಸೆಕೆಂಡು: ಗದಗ ಸೀಮೆಯ ಕಾಲೇಜು ಮಲ್ಲಕಂಬ

ಜಿಮ್ನಾಸ್ಟಿಕ್ಸ್ ಎಂದೊಡನೆ ಸಾಮಾನ್ಯ ಓದುಗರಿಗೆ ನೆನಪಾಗುವುದು 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ವಿಭಾಗದಲ್ಲಿ ನಾಲ್ಕನೆಯ ಸ್ಥಾನ ಪಡೆದ ತ್ರಿಪುರಾದ ದೀಪಾ ಕರ್ಮಾಕರ್. ಆ ಕ್ರೀಡೆಯಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ನಾಲ್ಕು ವಿಭಾಗಗಳಿದ್ದು, ಅವುಗಳಿಗೆ ಬೇಕಾದ ಸಮಾಂತರ ಬಾರು, ರಿಂಗು, ವಾಲ್ಟಿಂಗ್ ಟೇಬಲ್ಲು ಮತ್ತು 12 ಮೀಟರ್ ಉದ್ದಗಲದ ಸ್ಪ್ರಿಂಗ್ ಹಾಸನ್ನು ಕೊಂಡು, ಅವನ್ನು ಇಡಲು ಎತ್ತರದ ಒಳಾಂಗಣವನ್ನೂ ಕಟ್ಟಿಸುವುದು ಜಿಲ್ಲಾ ಕೇಂದ್ರದ ಅಥವಾ ತಾಲ್ಲೂಕು ಊರಿನ ಪದವಿ ಕಾಲೇಜೊಂದಕ್ಕೆ ದೂರದ ಮಾತು. ಆದರೆ ಅದೇ ಬಗೆಯ ದೇಹಶಕ್ತಿ, ಸಮತೋಲ ಮತ್ತು ಧೈರ್ಯವನ್ನು ಬೇಡುವ, ಒಂದು ಕಾಲಕ್ಕೆ ಭಾರತದ ಜಿಮ್ನಾಸ್ಟಿಕ್ಸ್ ಕೂಟಗಳ ಒಳಗೇ ನಡೆಯುತ್ತಿದ್ದ ಇನ್ನೊಂದು ಆಟ ಈ ಸೀಮೆಯಲ್ಲಿ ಬೇರು ಬಿಟ್ಟಿದೆ. ಅದು ಮಲ್ಲಕಂಬ, ಅಂದರೆ ನೆಲಕ್ಕೆ ಹೂತ ನುಣುಪಾದ ಮರದ ಕಂಬದ ಮೇಲೆ ಏರಿ, ಸುತ್ತಿ, ತಲೆಕೆಳಗಾಗಿ ನಿಂತು ತೋರಿಸುವ ವ್ಯಾಯಾಮ. ಕರ್ನಾಟಕದಲ್ಲಿ ಈ ಆಟಕ್ಕೆ ಹೆಸರಾದ ಊರುಗಳಲ್ಲಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಜೊತೆಗೆ ಗದಗ ಜಿಲ್ಲೆಯ ಲಕ್ಷ್ಮೇಶ್ವರವೂ ಇದೆ.

ಈ ನೆಲದೊಂದಿಗೆ ಆಟಕ್ಕಿರುವ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸರ ವಿನೋದಗಳನ್ನು ವಿವರಿಸುವಾಗ ಮಲ್ಲರ ತರಬೇತಿಗೂ ಜಾಗ ಕೊಟ್ಟು, ಭಾರ ಎತ್ತುವುದು, ನೀರಿನಲ್ಲಿ ಈಜುವುದು ಮುಂತಾದ ಅಭ್ಯಾಸಗಳ ಸಾಲಿನಲ್ಲಿ ಸ್ತಂಭಶ್ರಮ ಎಂಬ ಕಂಬದ ಅಭ್ಯಾಸವನ್ನು ಹೆಸರಿಸುತ್ತದೆ. ಇಂದಿನ ಲಕ್ಷ್ಮೇಶ್ವರ ಆಗ ಪುಲಿಗೆರೆ ಎಂಬ ಹೆಸರಿನಿಂದ ಅದೇ ಚಾಲುಕ್ಯ ರಾಜ್ಯದ ಮುಖ್ಯ ಪಟ್ಟಣಗಳಲ್ಲಿ ಒಂದಾಗಿತ್ತು. ಭೂಲೋಕಮಲ್ಲ ಎಂಬ ಬಿರುದು ಹೊತ್ತ ದೊರೆಯೇ ಮಲ್ಲರ ಸಾಮಿನ ಬಗ್ಗೆ ಬರೆದಿರುವುದು ಸೊಗಸಾದ ಯೋಗಾಯೋಗ. ಆದರೆ ಆ ಸ್ತಂಭಶ್ರಮವು ಕುಸ್ತಿಗಾಗಿ ಮಾಡುತ್ತಿದ್ದ ಕಸರತ್ತಾಗಿತ್ತೇ ಹೊರತು ಅಂಕಗಳಿಗಾಗಿ ಆಡುವ ಆಟವಾಗಿರಲಿಲ್ಲ ಎಂಬುದನ್ನು, ಎಂಟುನೂರು ವರ್ಷಗಳ ಅಖಂಡ ಪರಂಪರೆಯ ಮಾತಾಡುವವರು ಮರೆಯುವುದುಂಟು.

ಇಂದು ಕಾಣುವ ಮಲ್ಲಕಂಬದ ರೂಪಕ್ಕೆ ಮೂಲಪುರುಷನೆಂದು ಎಲ್ಲರೂ ಒಪ್ಪುವುದು ಪೇಶ್ವೆ ಎರಡನೆಯ ಬಾಜೀರಾಯನ ಕಾಲದ ಪುಣೆಯ ಬಾಳಂಭಟ್ಟ ದಾದಾ ದೇವಧರರನ್ನು. ಪೇಶ್ವೆಗೆ ವ್ಯಾಯಾಮ ಕಲಿಸುತ್ತಿದ್ದ ಅವರ ಶಿಷ್ಯಪರಂಪರೆಯಿಂದಲೇ ಈ ವಿದ್ಯೆ ಮಹಾರಾಷ್ಟ್ರದ ಊರೂರುಗಳಿಗೆ ಹರಡಿತು. ಪೇಶ್ವೆಗಳ ಸರದಾರರಾಗಿದ್ದ ಪಟವರ್ಧನ ಮನೆತನದವರ ಆಳ್ವಿಕೆಯಲ್ಲಿ 1948ರವರೆಗೂ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು ಎಂಬ ಸಂಗತಿಯನ್ನು ಇದರೊಂದಿಗೆ ಇಟ್ಟು ನೋಡಿದರೆ, ಮರಾಠಿ ಸೀಮೆಯ ಸಾಮು ಈ ಭಾಗದ ಮಣ್ಣಿಗೆ ಒಗ್ಗಿದ್ದು ಅಚ್ಚರಿಯೆನಿಸದು. ಆಟದ ಪರಿಭಾಷೆಯಲ್ಲಿ ಮರಾಠಿ ಇಂದಿಗೂ ಹಾಗೆಯೇ ಉಳಿದಿದೆ: ಸಲಾಮಿ, ಅಢಿ, ತೇಢಿ, ಬಗಲಿ, ದಸರಂಗ, ಫಿರಕಿ, ಸುಯಿದೋರಾ.

ಸ್ಪರ್ಧೆಯಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಹೂತ ಕಂಬ: ಸಾಗವಾನಿ ಅಥವಾ ಬೀಟೆಯಂಥ ಗಟ್ಟಿ ಮರದಿಂದ ಮಾಡಿದ್ದು, ನೆಲದ ಮೇಲೆ ಸುಮಾರು ಎರಡೂವರೆ ಮೀಟರ್ ಎತ್ತರವಿದ್ದು, ಬುಡದಲ್ಲಿ ದಪ್ಪಗಿದ್ದು ಮೇಲೇರಿದಂತೆ ಸಣ್ಣದಾಗಿ, ಕೊನೆಯಲ್ಲಿ ಒಂದು ಕತ್ತು ಮತ್ತು ಅದರ ಮೇಲೆ ಬುಗುಟನ್ನು ಹೊಂದಿರುತ್ತದೆ. ಎರಡನೆಯದಾದ ತೂಗು ಮಲ್ಲಕಂಬವು ಇದೇ ಆಕಾರದ ಚಿಕ್ಕ ಕಂಬವಾಗಿದ್ದು, ಸರಪಳಿಯಿಂದ ನೇತಾಡುವ ಕಾರಣ ಆಟಗಾರನೊಂದಿಗೆ ತಾನೂ ತಿರುಗುತ್ತದೆ; ಆದ್ದರಿಂದ ಹೂತ ಕಂಬದ ಮೇಲೆ ಪಳಗಿದವರೂ ಇಲ್ಲಿ ತಡವರಿಸುತ್ತಾರೆ. ಮೂರನೆಯದು ಹಗ್ಗದ ಮಲ್ಲಕಂಬ. ಹಿಂದೆ ಬೆತ್ತದ ಮೇಲೆ ಮಾಡುತ್ತಿದ್ದ ಈ ಕಸರತ್ತು ಉದ್ದನೆಯ ಒಳ್ಳೆಯ ಬೆತ್ತ ಸಿಗುವುದು ದುರ್ಲಭವಾದ ಮೇಲೆ ಸುಮಾರು ಐದೂವರೆ ಮೀಟರ್ ಉದ್ದದ ಹತ್ತಿಯ ಹಗ್ಗಕ್ಕೆ ಬದಲಾಯಿತು ಮತ್ತು ವಿದ್ಯಾರ್ಥಿನಿಯರ ಮುಖ್ಯ ವಿಭಾಗವಾಗಿ ಬೆಳೆಯಿತು. ಹಗ್ಗಕ್ಕೆ ಎಲ್ಲಿಯೂ ಗಂಟು ಹಾಕದೆ, ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಅದನ್ನು ಹಿಡಿದು, ಮೈಗೆ ಸುತ್ತಿಕೊಂಡು ಯೋಗದ ಆಸನಗಳನ್ನು ತೋರಿಸಬೇಕು. ಹೊಸಬರಿಗೆ ಆ ಎರಡು ಬೆರಳುಗಳ ಸಂದಿಯ ಚರ್ಮ ಗಟ್ಟಿಯಾಗುವವರೆಗಿನ ನೋವೇ ಈ ವಿದ್ಯೆಯ ಪ್ರವೇಶ ಶುಲ್ಕ.

ಹೂತ ಕಂಬದ ಮೇಲಿನ ಮೊದಲ ಪಾಠವನ್ನು ಹತ್ತಿರದಿಂದ ಗಮನಿಸಿದರೆ ಆಟದ ಒಟ್ಟು ತರ್ಕ ತಿಳಿಯುತ್ತದೆ. ಸಲಾಮಿ ಎಂದರೆ ಕಂಬಕ್ಕೆ ವಂದಿಸಿ ಅದನ್ನು ಅಪ್ಪಿ ಹಿಡಿಯುವ ಕ್ರಮ. ಅನಂತರ ಬರುವ ಸಾದಾ ಅಢಿಯಲ್ಲಿ ವಿದ್ಯಾರ್ಥಿ ಎರಡು ಕೈಗಳಿಂದ ಕಂಬವನ್ನು ಹಿಡಿದು, ನೆಲವನ್ನು ಒದ್ದು ಕಾಲುಗಳನ್ನು ಮೇಲಕ್ಕೆ ಎಸೆದು, ತಲೆ ಕೆಳಗಾದ ಕ್ಷಣದಲ್ಲಿಯೇ ತೊಡೆಗಳ ನಡುವೆ ಕಂಬವನ್ನು ಕಚ್ಚಿಕೊಳ್ಳಬೇಕು. ತೊಡೆಯ ಒಳಭಾಗದ ಸ್ನಾಯುಗಳು ಸರಿಯಾದ ಗಳಿಗೆಯಲ್ಲಿ ಬಿಗಿದರೆ ಕೈಬಿಟ್ಟರೂ ದೇಹ ನಿಲ್ಲುತ್ತದೆ. ಅರೆಕ್ಷಣ ತಡವಾದರೆ ಮೈ ಕೆಳಗೆ ಜಾರಿ ಚರ್ಮ ಕೆತ್ತಿಹೋಗುತ್ತದೆ. ಅಢಿ ಪಕ್ವವಾದ ಮೇಲೆಯೇ ಕೈಯ ಕೊಂಡಿಯೊಳಗಿಂದ ದೇಹವನ್ನು ತೂರಿಸುವ ಸುಯಿದೋರಾ, ಬಳ್ಳಿಯಂತೆ ಕಂಬವನ್ನು ಸುತ್ತುತ್ತಾ ನಿಲ್ಲದೆ ಏರುವ ವೇಲ, ಕಂಬದ ತುದಿಯ ಮೇಲಿನ ಸಮತೋಲ ಮತ್ತು ಕಂಬವನ್ನು ಬಿಟ್ಟು ಹಾರಿ ಮತ್ತೆ ಹಿಡಿಯುವ ಝಾಪಗಳನ್ನು ಕಲಿಸಲಾಗುತ್ತದೆ.

ಕಂಬಕ್ಕೆ ಔಡಲ ಎಣ್ಣೆ ಹಚ್ಚುವ ಪದ್ಧತಿ ನೋಡುಗರಿಗೆ ಒಗಟಾಗಿ ಕಾಣುವುದು ಸಹಜ. ಹಿಡಿತವೇ ಪ್ರಾಣವಾಗಿರುವ ಆಟದಲ್ಲಿ ಎಣ್ಣೆಗೇನು ಕೆಲಸ ಎಂಬ ಪ್ರಶ್ನೆ ಬರುತ್ತದೆ. ಒಣ ಮರದ ಮೇಲೆ ಬರಿಯ ಚರ್ಮ ವೇಗವಾಗಿ ಉಜ್ಜಿದರೆ ಸುಟ್ಟ ಗಾಯದಂಥ ಗಾಯವಾಗುತ್ತದೆ, ತಿರುಗುವ ಚಲನೆಯೂ ಮಧ್ಯದಲ್ಲಿ ಕಚ್ಚಿ ನಿಲ್ಲುತ್ತದೆ. ಔಡಲ ಎಣ್ಣೆ ಅಡುಗೆ ಎಣ್ಣೆಗಳಿಗಿಂತ ಬಹಳ ಮಂದವಾಗಿರುವುದರಿಂದ ಘರ್ಷಣೆಯನ್ನು ತಗ್ಗಿಸುತ್ತಲೇ ಒತ್ತಿ ಹಿಡಿದಾಗ ತುಸು ಅಂಟಿಕೊಳ್ಳುತ್ತದೆ. ಹೆಚ್ಚಿನ ಹಿಡಿತ ಬೇಕಾದಲ್ಲಿ ರಾಳದ ಪುಡಿ ಬಳಸುತ್ತಾರೆ. ಚಳಿಗೆ ಈ ಎಣ್ಣೆ ಇನ್ನಷ್ಟು ಗಟ್ಟಿಯಾಗುವ ಕಾರಣ, ಗದಗದ ಬೆಚ್ಚನೆಯ ಹವೆಯಲ್ಲಿ ಅಭ್ಯಾಸ ಮಾಡಿದ ತಂಡ ಜನವರಿಯಲ್ಲಿ ಉತ್ತರ ಭಾರತದ ಮೈದಾನಕ್ಕೆ ಹೋದಾಗ ಕಂಬದ ಗುಣವೇ ಬೇರೆಯಾಗಿರುತ್ತದೆ. ಕೂಟಕ್ಕೆ ಒಂದೆರಡು ದಿನ ಮುಂಚೆಯೇ ತಲುಪಿ ಅಲ್ಲಿನ ಕಂಬವನ್ನು ಮುಟ್ಟಿ ನೋಡುವುದು ಚೈನಿಯಲ್ಲ, ತಯಾರಿಯ ಭಾಗ.

ಕಾಲೇಜು ಕ್ರೀಡಾಪಟುವಿನ ದಾರಿ ಹೀಗಿದೆ. ಗದಗದ ಜಗದ್ಗುರು ತೋಂಟದಾರ್ಯ ಕಾಲೇಜಿನಂಥ ಹಳೆಯ ಸಂಸ್ಥೆಗಳಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪದವಿ ಕಾಲೇಜುಗಳವರೆಗೆ ಬಹುತೇಕ ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುವುದರಿಂದ, ವಿದ್ಯಾರ್ಥಿಗಳು ಮೊದಲು ಅಂತರ ಕಾಲೇಜು ಆಯ್ಕೆಯಲ್ಲಿ ಗೆದ್ದು, ಬಳಿಕ ವಿಶ್ವವಿದ್ಯಾಲಯದ ತಂಡ ಸೇರಿ, ತರಬೇತಿ ಶಿಬಿರ ಮುಗಿಸಿ, ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಏರ್ಪಡಿಸುವ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುತ್ತಾರೆ. ಹಾಗೆ ಪ್ರತಿನಿಧಿಸಿದವರನ್ನು ನಮ್ಮ ಕಡೆ ‘ಯುನಿವರ್ಸಿಟಿ ಬ್ಲೂ’ ಎಂದು ಕರೆಯುವ ರೂಢಿಯಿದೆ. 2016ರಲ್ಲಿ ಗದಗದಲ್ಲಿಯೇ ಆರಂಭವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮಾತ್ರ ದಾರಿ ಬೇರೆ. ಒಂದೇ ಊರಿನ ಒಂದೇ ಕಂಬದ ಮೇಲೆ ಕಲಿತ ಇಬ್ಬರು ಗೆಳೆಯರು ರಾಷ್ಟ್ರ ಕೂಟದಲ್ಲಿ ಎದುರು ಬದುರು ನಿಲ್ಲುವ ಸಾಧ್ಯತೆ ಇದರಿಂದ ಉಂಟಾಗಿದೆ.

ರಾಷ್ಟ್ರಮಟ್ಟದ ಈ ವ್ಯವಸ್ಥೆಯ ಚರಿತ್ರೆಯೂ ಏಳುಬೀಳಿನದೇ. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ ಭಾರತೀಯ ವ್ಯಾಯಾಮಗಳ ಪ್ರದರ್ಶನ ನೀಡಿತ್ತು. 1958ರಲ್ಲಿ ದೆಹಲಿಯ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಕೂಟದಲ್ಲಿ ಮಲ್ಲಕಂಬದ ಪ್ರದರ್ಶನ ನಡೆದು, 1962ರಲ್ಲಿ ಗ್ವಾಲಿಯರ್‌ನಲ್ಲಿ ಜಿಮ್ನಾಸ್ಟಿಕ್ಸ್ ಜೊತೆಯಲ್ಲಿಯೇ ಮೊದಲ ರಾಷ್ಟ್ರೀಯ ಸ್ಪರ್ಧೆ ಏರ್ಪಟ್ಟಿತು. ಆದರೆ 1976ರಲ್ಲಿ ಜಿಮ್ನಾಸ್ಟಿಕ್ಸ್ ಸಂಸ್ಥೆ ತನ್ನ ಕೂಟಗಳಿಂದ ಇದನ್ನು ಕೈಬಿಟ್ಟಿದ್ದರಿಂದ ಆಟ ಅನಾಥವಾಯಿತು; 1981ರಲ್ಲಿ ಉಜ್ಜಯಿನಿಯಲ್ಲಿ ಪ್ರತ್ಯೇಕ ರಾಷ್ಟ್ರೀಯ ಕೂಟ ನಡೆದ ಮೇಲೆ ಅದು ತನ್ನ ಕಾಲ ಮೇಲೆ ನಿಂತಿತು. ಈಚಿನ ವರ್ಷಗಳಲ್ಲಿ ಸರ್ಕಾರದ ಗಮನ ಇತ್ತ ಹರಿದಿದೆ. 2020ರಲ್ಲಿ ತರಬೇತುದಾರ ಯೋಗೇಶ್ ಮಾಳವೀಯ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ, 2021ರ ಸಾಲಿನಲ್ಲಿ ಹಿಮಾನಿ ಪರಬ್ ಅವರಿಗೆ ಅರ್ಜುನ ಪ್ರಶಸ್ತಿ ಬಂದವು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಯೋಗಾಸನದೊಂದಿಗೆ ಮಲ್ಲಕಂಬವೂ ಸೇರಿತು.

ಕೂಟದಲ್ಲಿ ಒಬ್ಬ ಆಟಗಾರನಿಗೆ ಸಿಗುವುದು ಗರಿಷ್ಠ 90 ಸೆಕೆಂಡು. ಏರುವ ವಿಧಾನ, ಕಸರತ್ತಿನ ಕಾಠಿನ್ಯ, ಒಂದು ಭಂಗಿಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹೊರಳುವ ನಯ, ಸ್ವಂತಿಕೆ ಮತ್ತು ಕೊನೆಯಲ್ಲಿ ನೆಲಕ್ಕೆ ಇಳಿಯುವ ಹದವನ್ನು ನಿರ್ಣಾಯಕರು ತೂಗಿ ಅಂಕ ಕೊಡುತ್ತಾರೆ. ಪದಕಗಳ ಅಂತರ ಹಲವು ಬಾರಿ ದಶಮಾಂಶದ ನಂತರದ ಅಂಕಿಗಳಲ್ಲಿರುತ್ತದೆ. ಇದನ್ನು ಅರಿತ ತರಬೇತುದಾರರು ಶಿಬಿರದ ಮೊದಲ ಭಾಗದಲ್ಲಿ ಬಿಡಿ ಕಸರತ್ತುಗಳನ್ನು ತಿದ್ದಿ, ಅನಂತರ ಅವುಗಳನ್ನು ಒಂದು ಸರಣಿಯಾಗಿ ಹೆಣೆದು, ಕೊನೆಯ ದಿನಗಳಲ್ಲಿ ಹೊಸದೇನನ್ನೂ ಸೇರಿಸದೆ ಗಡಿಯಾರ ಹಿಡಿದು ಇಡೀ ಸರಣಿಯನ್ನು ಮಾಡಿಸುತ್ತಾರೆ. ದೇಹದ ತೂಕ ಹೆಚ್ಚಿದರೆ ಹಿಡಿತ ಸೋಲುತ್ತದೆ, ಊಟ ಕಡಿಮೆಯಾದರೆ ಭುಜ ಸೋಲುತ್ತದೆ. ಜೋಳದ ರೊಟ್ಟಿ, ಹೆಸರುಕಾಳು, ಮಡಕಿಕಾಳು, ಶೇಂಗಾ ಹಿಂಡಿಯ ಈ ಸೀಮೆಯ ಊಟಕ್ಕೆ ಹಾಲು, ಮೊಟ್ಟೆ ಜೊತೆಯಾದರೆ ಅದನ್ನು ಕೀಳೆಂದು ಬಗೆದು ಡಬ್ಬದ ಪುಡಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಇಷ್ಟಾದರೂ ವಿಶ್ವವಿದ್ಯಾಲಯದ ಶಿಬಿರವು ಮಲ್ಲಕಂಬ ಆಟಗಾರನನ್ನು ಸೃಷ್ಟಿಸಲಾರದು. ತಲೆಕೆಳಗಾಗುವ ಭಯ ಕಳೆಯಲು, ಬೆನ್ನು ಬಿಲ್ಲಿನಂತೆ ಬಾಗಲು ಹತ್ತು-ಹನ್ನೆರಡರ ವಯಸ್ಸೇ ಸರಿಯಾದದ್ದು; ಹದಿನೆಂಟರಲ್ಲಿ ಕಾಲೇಜಿಗೆ ಬಂದವನಿಗೆ ಮೊದಲ ಬಾರಿಗೆ ಅಢಿ ಕಲಿಸಿ ರಾಷ್ಟ್ರ ಕೂಟಕ್ಕೆ ಕಳಿಸಲಾಗದು. ಗದಗ-ಬೆಟಗೇರಿಯ ಗರಡಿ ಮನೆಗಳಿರಲಿ, ಲಕ್ಷ್ಮೇಶ್ವರದ ಮಕ್ಕಳ ಅಭ್ಯಾಸವಿರಲಿ, ಬಿತ್ತನೆ ನಡೆಯುವುದು ಅಲ್ಲಿ. ವಿಶ್ವವಿದ್ಯಾಲಯ ಮಾಡುವುದು ಒಕ್ಕಣೆ ಮಾತ್ರ. ಹೀಗಿರುವಾಗ ಪದಕ ಬಂದಾಗ ಕಾಲೇಜಿನ ಫ್ಲೆಕ್ಸಿನಲ್ಲಿ ಎಲ್ಲರ ಭಾವಚಿತ್ರಗಳು ಬಂದು, ಶಾಲೆಯಲ್ಲಿ ಕಂಬ ಹತ್ತಿಸಿದ ದೈಹಿಕ ಶಿಕ್ಷಕರ ಹೆಸರು ಬಾರದಿರುವುದು ಅನ್ಯಾಯ. ಇನ್ನೊಂದು ತೊಡಕೆಂದರೆ ಸೆಮಿಸ್ಟರ್ ಪದ್ಧತಿಯಲ್ಲಿ ಕೂಟದ ದಿನಗಳು ಪರೀಕ್ಷೆಗೆ ತಾಗಿ ಬರುವುದು. ಹಾಜರಾತಿಯ ರಿಯಾಯಿತಿ ಕಾಗದದಲ್ಲಿದ್ದರೂ ಆಂತರಿಕ ಅಂಕಗಳ ಹೆದರಿಕೆಯಿಂದ ಮನೆಯವರೇ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಶಿಬಿರಕ್ಕೆ ಕಳಿಸಲು ಹಿಂಜರಿಯುತ್ತಾರೆ.

ಆ ಹಿಂಜರಿಕೆಯನ್ನು ಕಡಿಮೆ ಮಾಡಬಲ್ಲ ಒಂದು ಮಾಹಿತಿ ಪಾಲಕರಿಗೆ ತಲುಪಬೇಕಾಗಿದೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಕ್ರೀಡಾ ಕೋಟಾದಡಿ ಪರಿಗಣಿಸುವ ಆಟಗಳ ಪಟ್ಟಿಯನ್ನು 2020ರಲ್ಲಿ 43ರಿಂದ 63ಕ್ಕೆ ವಿಸ್ತರಿಸಿದಾಗ ಮಲ್ಲಕಂಬವೂ ಅದರಲ್ಲಿ ಸೇರಿತು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು ಆ ಕೋಟಾಕ್ಕೆ ಅರ್ಜಿ ಹಾಕಲು ಅರ್ಹರು. ಇದಕ್ಕೆ ಬೇಕಾದದ್ದು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು ನಿಗದಿತ ನಮೂನೆ 3ರಲ್ಲಿ ಸಹಿ ಮಾಡಿ ಕೊಡುವ ಪ್ರಮಾಣಪತ್ರ. ಕೂಟದಿಂದ ತಂಡ ಮರಳಿದ ತಿಂಗಳೊಳಗೆ ಆ ಪತ್ರವನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸುವ ಹೊಣೆಯನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಹೊತ್ತುಕೊಳ್ಳಬೇಕು.